ಹುಟ್ಟಿದೂರಿನ ದಾಖಲೆ

"ಹುಟ್ಟಿದೂರಿನ ದಾಖಲೆ ಇಲ್ಲಂದ್ರ ಕಾರ್ಡ್ ಸಿಗಂಗಿಲ್ರಿ. ಆರು ತಿಂಗಳದಾಗ ನೀವು ದೇಶಾ ಬಿಡಬೇಕಾಗ್ತದ," ಎಂದ ಸರಕಾರಿ ಕಚೇರಿಯ ಗುಮಾಸ್ತ ವೀರೇಶ, ತಲೆ ಎತ್ತದೆ. ಸುವರ್ಣಾಬಾಯಿ ಮೂವತ್ತು ವರ್ಷ ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದು, ಅಲ್ಲಿಯ ಪೌರತ್ವವನ್ನೇ ಪಡೆದು, ನಿವೃತ್ತಿಯಾದ ಮೇಲೆ ಬೀಳಗಿಯ ತಂಗಿಯ ಮನೆಗೆ ಬಂದವರು. ಇನ್ನು ಇಲ್ಲೇ ಇರಬೇಕೆಂದರೆ, ಭಾರತದಲ್ಲಿ ಹುಟ್ಟಿ ಬೇರೆ ದೇಶದ ಪ್ರಜೆಗಳಾದವರಿಗೆ ಕೊಡುವ ಆ ಕಾರ್ಡ್ ಬೇಕಿತ್ತು.

"ನನ್ನ ಊರು ಕೃಷ್ಣಾ ಹಿನ್ನೀರಿನ ಕೆಳಗ ಐತಿ. ದಾಖಲೆ ಎಲ್ಲಿಂದ ತರ್ಲಿ?"

"ಅದು ನಮಗ ಗೊತ್ತಿಲ್ರಿ. ವಿದೇಶದವರಿಗೆ ರೂಲ್ಸ್ ಹಿಂಗ ಅದಾವ."

ವಿದೇಶದವರು! ಸುವರ್ಣಾಬಾಯಿಗೆ ಮೈಯೆಲ್ಲ ಉರಿದುಹೋಯಿತು. "ನಾ ಹುಟ್ಟಿದ ಮನಿಗೆ ನೀರು ಬಿಟ್ಟವರು ನೀವು. ಈಗ ಆ ಮನಿ ಕಾಗದಾ ನನ್ನ ಕೇಳ್ತೀರಿ? ದಾಖಲೆ ಯಾಕಿಲ್ಲ ಅನ್ನೂದನ್ನೂ ಬರೀರಿ ಅಲ್ಲಿ!"

ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ವೀರೇಶ ಅರ್ಜಿಯ ಕೊನೆಯಲ್ಲಿ 'ಊರು ಮುಳುಗಿದೆ' ಎಂದು ಬರೆದು, ಸಹಿಗಾಗಿ ಅವರತ್ತ ಸರಿಸಿದ. ಸುವರ್ಣಾಬಾಯಿ ಅದನ್ನು ಎರಡು ಸಲ ಓದಿದರು. "ತಾನಾಗಿ ಮುಳಗಿಲ್ಲಪಾ ಅದು," ಎಂದವರೇ ಅವನ ಕೈಯಿಂದ ಪೆನ್ನು ಕಸಿದು, ಕೊನೆಯ ಪದ ಹೊಡೆದುಹಾಕಿ, 'ಮುಳುಗಿಸಿದ್ದೀರಿ' ಎಂದು ದಪ್ಪಗೆ ಬರೆದು ಸಹಿ ಹಾಕಿದರು.