ಫೋನಿನ ಪೆಟ್ಟಿಗೆ

ಫೋನು ಊರಲ್ಲಿತ್ತು, ಅದರ ಪೆಟ್ಟಿಗೆಯ ಕೀಲಿಕೈ ಪೋಸ್ಟ್ ಮಾಸ್ತರ ಮಲ್ಲಿಕಸಾಬನ ಕೊರಳಲ್ಲಿತ್ತು, ಮಲ್ಲಿಕಸಾಬ ಮಾತ್ರ ಬಬಲೇಶ್ವರ ದಾಟಿದ ಮಮದಾಪುರದ ಬಸ್ಸಿನಲ್ಲಿದ್ದ. ವಿಜಾಪುರದ ಕೆಲಸ ಮುಗಿಸಿ, ಕಿಟಕಿ ಪಕ್ಕದ ಸೀಟು ಸಿಕ್ಕ ಖುಷಿಯಲ್ಲಿ ಈಗಷ್ಟೇ ಕಣ್ಣು ಮುಚ್ಚಿದ್ದ. ಅವನನ್ನೇ ಹುಡುಕುತ್ತ ಬಂದು ದಾರಿಯಲ್ಲಿ ಬಸ್ ಹತ್ತಿದ ಅವನೂರಿನ ಕುರಿಗಾರ ಅಮೋಘಿ ಭುಜ ಅಲುಗಿಸಿ ಎಬ್ಬಿಸಿದ.

“ಮಾಸ್ತರ, ನೀವಿಲ್ಲೆ ನಿದ್ದಿ ಹೊಡ್ಯಾಕತ್ತೀರಿ? ಮುಂಜಾನಿಂದ ಊರ ಮಂದಿಯೆಲ್ಲಾ ನಿಮ್ಮನ್ನ ಹುಡಕಾಕತ್ತೈತಿ. ಅಮಸಿದ್ದನ ಹೇಣ್ತಿ ಸಕ್ರವ್ವಗ ಬ್ಯಾನಿ ಹತ್ತೈತಿ, ಕೂಸು ಅಡ್ಡ ತಿರಿಗೈತಂತ. ನನ್ನ ಕೈಯಾಗ ಆಗೂದಿಲ್ಲ ಅಂತ ಸೂಲಗಿತ್ತಿ ಹೇಳಿಬಿಟ್ಲು. ಫೋನ ಮಾಡಿ ದವಾಖಾನಿ ಜೀಪ ಕರಸಬೇಕಂದ್ರ…”

ಅಮೋಘಿ ಮಾತು ಮುಗಿಸಲಿಲ್ಲ. ಅವನ ಕಣ್ಣು ಮಾಸ್ತರನ ಕೊರಳಲ್ಲಿ ತಾಯಿತದ ಜೊತೆ ತೂಗುತ್ತಿದ್ದ ಕೀಲಿಕೈಯ ಮೇಲೆ ನಿಂತಿತು.

ಊರಿಗೆಲ್ಲಾ ಇದ್ದದ್ದು ಅದೊಂದೇ ಫೋನು. ಬಂದ ಹೊಸದರಲ್ಲಿ ಹೋಗುವವರು ಬರುವವರೆಲ್ಲಾ ಅದರ ಹಿಡಿಕೆ ತಿರುವಿ, ಎಕ್ಸ್‌ಚೇಂಜಿನ ಹೆಣ್ಣುಮಗಳು ‘ನಂಬರ್ ಹೇಳ್ರಿ’ ಅಂದ ಕೂಡಲೇ ಬೆಚ್ಚಿ ಕೆಳಗಿಟ್ಟು ಓಡುತ್ತಿದ್ದರು. ಹುಡುಗರು ಹಾಗಿರಲಿ, ಮೀಸೆ ಬೆಳ್ಳಗಾದವರೂ ಬಿಟ್ಟಿರಲಿಲ್ಲ. ಇನ್ನೊಮ್ಮೆ ಹೀಗಾದರೆ ಲೈನೇ ಕಿತ್ತುಹಾಕುತ್ತೇವೆ ಎಂಬ ಬೈಗುಳ ಬಂದ ಮೇಲೆ ಮಲ್ಲಿಕಸಾಬ ಬಡಿಗ ದಶರಥನಿಂದ ಸಾಗವಾನಿ ಪೆಟ್ಟಿಗೆ ಮಾಡಿಸಿ, ಫೋನನ್ನು ಒಳಗೆ ಕೂರಿಸಿ, ಜೈಲಿಗೆ ಹಾಕುವಂಥ ಕೀಲಿ ಜಡಿದ. “ಏನರೆ ಅಡಚಣಿ ಬಂದ್ರ ಹೆಂಗ್ರಿ?” ಎಂದು ಹೆಂಡತಿ ಪೀರಾಂಬಿ ಕೇಳಿದ್ದಳು. “ನಾ ಎಲ್ಲಿ ಓಡಿ ಹೊಂಟೀನಿ? ಸರಕಾರದ ಸಾಮಾನ ಐತಿ, ನೀ ಮುಟ್ಟಬ್ಯಾಡ” ಎಂದು ಗದರಿದ್ದ. ಆ ಮಾತು ಈಗ ಅಂಗಾಲಿಗೆ ನೆಟ್ಟ ಜಾಲಿಮುಳ್ಳಿನಂತೆ ಚುಚ್ಚಿತು. ಸಕ್ರವ್ವನಿಗೆ ಏನಾದರೂ ಆದರೆ ಅದು ತನ್ನ ಕೊರಳಿಗೇ ಸುತ್ತಿಕೊಳ್ಳುವ ಪಾಪ.

“ಯಪ್ಪಾ, ಜರಾ ಜೋರ ಹೊಡಿ” ಎಂದು ಡ್ರೈವರನಿಗೆ ಕೈಮುಗಿದ. “ಹಾರಸಾಕ ಇದಕ್ಕೇನ ರೆಕ್ಕಿ ಅದಾವೇನ್ರಿ?” ಎಂದ ಡ್ರೈವರ್. ಅಷ್ಟರಲ್ಲಿ ಎದುರಿನಿಂದ ಒಂದು ಜೀಪು ಧೂಳೆಬ್ಬಿಸುತ್ತ ನುಗ್ಗಿ ಬಂತು. ಅದಕ್ಕೆ ದಾರಿ ಬಿಡಲು ಹೋಗಿ ಬಸ್ಸಿನ ಗಾಲಿ ಸಡಿಲು ಮಣ್ಣಿಗೆ ಇಳಿದು, ಅದನ್ನು ಎತ್ತುವಷ್ಟರಲ್ಲಿ ತಾಸೆರಡು ತಾಸು ಹೋಯಿತು. ಮಲ್ಲಿಕಸಾಬ ಕಿಟಕಿಯಿಂದ ತಲೆ ಹೊರಹಾಕಿ, ಜೀಪಿನವನ ಹಿಂದಿನವರು ಮುಂದಿನವರನ್ನೆಲ್ಲಾ ಬಾಯಿಗೆ ಬಂದಂತೆ ಬೈದ.

ಊರು ಬಂದಾಗ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಜಿಗಿದು ಓಡಿದ. ಅವನ ಮನೆಯ ಮುಂದಿನ ಕೋಣೆಯೇ ಪೋಸ್ಟಾಫೀಸು. ಕಟ್ಟೆಯ ತುಂಬ ಓಣಿಯ ಹೆಂಗಸರು ಸುಮ್ಮನೆ ಕುಳಿತಿದ್ದರು. ಜೀಪಿನ ಸುಳಿವಿಲ್ಲ. ಅಮಸಿದ್ದನ ತಾಯಿ ತಾಯವ್ವ ಕಂಬಕ್ಕೆ ತಲೆ ಆನಿಸಿ ಕೂತಿದ್ದಳು. ಮಲ್ಲಿಕಸಾಬ ಕೊರಳ ದಾರ ಎಳೆದುಕೊಂಡ.

“ಬಂದೆ ತಾಯವ್ವಾ, ಬಂದೆ. ಈಗ ತೆಗೀತೀನಿ, ಈಗ ಫೋನ ಹಚ್ಚತೀನಿ.”

“ಯಾರಿಗೆ ಹಚ್ಚತಿಯೋ ಯಪ್ಪಾ? ಜೀಪ ಬಂದು ಸಕ್ರವ್ವನ ಕರಕೊಂಡು ಹೋತಲ್ಲ! ದಾರ್ಯಾಗ ನಿನಗ ಎದರಾಗಿರಬೇಕ ನೋಡು.”

ಮಲ್ಲಿಕಸಾಬ ನಾಲಿಗೆ ಕಚ್ಚಿಕೊಂಡ. ಬೈದ ಬೈಗುಳಗಳನ್ನೆಲ್ಲಾ ಮನಸ್ಸಿನಲ್ಲೇ ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡು, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. ನಾಚಿಕೆಯನ್ನೂ ಮರೆತು ಕಣ್ಣೊರೆಸಿಕೊಂಡ. ಆಮೇಲೆ ಪೆಟ್ಟಿಗೆ ನೋಡಿದ. ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು!

“ನಿಮ್ಮಾಣಿ, ಕೀಲಿ ಮುಟ್ಟಿಲ್ರಿ” ಎಂದಳು ಪೀರಾಂಬಿ. “ದಶರಥ ಪೆಟ್ಟಿಗಿ ಬಾಗಲಾ ತಿರಗೂ ಬಿಜಾಗರಿ ಸ್ಕ್ರೂ ಹೊರಗ ಬಡದಾನ. ಅಡಕೊತ್ತಿನ ತುದಿ ಹಚ್ಚಿ ತಿರಿವಿದ್ರ ಬಾಗಲಾನ ಕೈಗೆ ಬರತೈತಿ.” ಹೇಳುತ್ತಲೇ ಬಾಗಿಲನ್ನು ಕೀಲಿಯ ಸಮೇತ ಬಿಜಾಗರಿಯ ಕಡೆಯಿಂದ ತೆಗೆದು ತೋರಿಸಿದಳು.

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನು ಗಂಟೆ ಬಾರಿಸಿತು. ಮಲ್ಲಿಕಸಾಬ ಎತ್ತಿಕೊಂಡು “ಹಲೋ, ಪೋಸ್ಟ್ ಮಾಸ್ತರ” ಎಂದ.

“ಇದ್ಯಾವ ಹೊಸ ದನಿರಿ?” ಎಂದಳು ಎಕ್ಸ್‌ಚೇಂಜಿನ ಹೆಣ್ಣುಮಗಳು. “ಪೀರಾಂಬಿ ಅಕ್ಕಾರ ಇಲ್ಲೇನು? ದವಾಖಾನಿಂದ ಫೋನ ಬಂದೈತಿ, ಕೊಡ್ರಿ ಅವರಿಗೆ.”

ಮಾಸ್ತರ ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಕಿವಿಗೊಟ್ಟು ಕೇಳಿದಳು. ಮುಖ ಅರಳಿತು. “ತಾಯವ್ವಾ, ಹೆಣ್ಣು! ತಾಯಿ ಕೂಸು ಇಬ್ಬರೂ ಆರಾಮ ಅದಾರಂತ. ಅಮಸಿದ್ದ ಒಬ್ಬನ ಅಳಾಕತ್ತಾನಂತ ನೋಡು.”

ಕಟ್ಟೆಯೆಲ್ಲಾ ಒಮ್ಮೆಲೇ ನಕ್ಕಿತು. ತಾಯವ್ವ ಪೀರಾಂಬಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಮಲ್ಲಿಕಸಾಬ ಕೊರಳಿಗೆ ಕೈಹಾಕಿದ. ಕೀಲಿಕೈಯ ದಾರವನ್ನು ಹೆಂಡತಿಯ ಮುಂದೆ ಚಾಚಿದ. “ಇನ್ನ ಇದು ನಿನ್ನ ಹಂತೇಕ ಇರಲಿ, ಪೀರಾಂ.”

“ನನಗ್ಯಾಕ್ರಿ ಅದು? ಎಲ್ಲೆರೆ ಕಳದ್ರ ಮತ್ತ ತ್ರಾಸ. ನಿಮ್ಮ ಕೊಳ್ಳಾಗ ಇರಲಿ, ಹುಡುಗರಿಗೆ ಅಂಜಿಕಿ ಇರತೈತಿ. ಅಡಚಣಿ ಬಂದವರು ತೆಗಕೋತಾರ.”

“ತೆಗಕೋತಾರ ಅಂದ್ರ? ನಿನ್ನ ಬಿಟ್ಟು ಮತ್ಯಾರಿಗೆ ಗೊತ್ತೈತಿ?”

ಪೀರಾಂಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಮಲ್ಲಿಕಸಾಬ ಕಟ್ಟೆಯ ಕಡೆ ತಿರುಗಿದ. ಓಣಿಯ ಹೆಂಗಸರು ಖುಷಿಗೆ ಎಲೆ ಅಡಿಕೆ ಹಾಕಿಕೊಳ್ಳಲು ಸೊಂಟದ ಸಂಚಿ ಬಿಚ್ಚಿ ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಅಡಕೊತ್ತು ಇತ್ತು.