ಜುಟ್ಟು ಕಿತ್ತ ಕಾಯಿ

ತೆಂಗಿನ ನಾರು ಉಗುರಿಗೆ ಸಿಕ್ಕಿಕೊಂಡರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಜಾವಗಲ್ಲಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಅಪ್ಪನ ತಂಗಿ, ನನ್ನ ಅತ್ತೆ, ಮರುದಿನದ ಪರೀಕ್ಷೆಗೆ ನನಗೆ ಇಂಗ್ಲಿಷ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು.

"ಅಪ್ರೂವ್ ಅಂದ್ರೆ?"

"ಒಪ್ಪುವುದು."

"ಫೈನಲೈಸ್?"

ನಾನು ಬಾಯಿ ತೆರೆಯುವಷ್ಟರಲ್ಲಿ ನಡುಮನೆಯಿಂದ ಅಜ್ಜನ ದನಿ ಕೇಳಿಸಿತು. ಅತ್ತೆಯನ್ನು ನೋಡಲು ಬಂದಿದ್ದವರಿಗೆ ಅವನು ಹೇಳುತ್ತಿದ್ದ: "ನೀವು ಒಪ್ಪಿದ್ದೀರಲ್ಲ, ತಾಂಬೂಲ ಬದಲಾಯಿಸ್ಕೊಂಡು ಇವತ್ತೇ ಫೈನಲ್ ಮಾಡ್ಬುಡಾನ."

ತಾಂಬೂಲದ ತಟ್ಟೆ ಅತ್ತೆಯ ಮುಂದೆಯೇ ಇತ್ತು. ವೀಳ್ಯದೆಲೆ, ಅಡಿಕೆ, ಜುಟ್ಟಿನ ಕಾಯಿ. ಅವಳ ಬೆರಳುಗಳು ಆ ಜುಟ್ಟಿನ ಒರಟು ನಾರನ್ನು ಎಳೆ ಎಳೆಯಾಗಿ ಕೀಳುತ್ತಿದ್ದವು.

"ಇದ್ರಲ್ಲಿ ನನ್ನ ಕೇಳಿ ಮಾಡೋದು ಯಾವ್ದು ಹೇಳೇ," ಎಂದಳು.

ನಾನು ಪುಸ್ತಕದಲ್ಲಿ ಹುಡುಕಿದೆ.

ತಟ್ಟೆ ಒಯ್ಯಲು ಬಂದ ಅಜ್ಜಿ ಬೋಳಾದ ಕಾಯಿಯನ್ನು ನೋಡಿ ನಿಂತುಬಿಟ್ಟಳು. "ಜುಟ್ಟಿಲ್ದಿರೋ ಕಾಯಿ ತಾಂಬೂಲಕ್ಕೆ ಆಗಲ್ಲ ಕಣೇ," ಎಂದಳು, ದನಿ ತಗ್ಗಿಸಿ. ಅತ್ತೆ ತಲೆಯೆತ್ತಲಿಲ್ಲ. ಇನ್ನು ನೋಡಲು ಬಂದವರೆಲ್ಲ ಎದ್ದು ಹೋಗುತ್ತಾರೆ ಎಂದುಕೊಂಡೆ.

ಆದರೆ ನಮ್ಮದು ಕಾಯಿ ವ್ಯಾಪಾರದ ಮನೆ. ಹಿತ್ತಲಲ್ಲಿ ಆಳೆತ್ತರದ ರಾಶಿಯಿತ್ತು. ಅಜ್ಜಿ ನನ್ನನ್ನೇ ಕಳಿಸಿದಳು. ನಾನು ಓಡಿಹೋಗಿ, ಎಲ್ಲಕ್ಕಿಂತ ಒಳ್ಳೆಯ ಜುಟ್ಟಿರುವುದನ್ನು ಆರಿಸಿ ತಂದುಕೊಟ್ಟೆ.