ಮೂರನೇ ಬೋರ್ಡಿನ ಪಕ್ಕ

ಪ್ರಾದೇಶಿಕ ಮುಕ್ತ ಡಾರ್ಟ್ಸ್ ಪಂದ್ಯಾವಳಿಯಲ್ಲಿ ಗಂಡಸರು, ಹೆಂಗಸರು ಎಲ್ಲರೂ ಒಟ್ಟಿಗೇ ಆಡಬೇಕಿತ್ತು. ಆಟ ಶುರುವಾಗುವ ಮುಂಚೆ ಗಂಡ ಅವಳನ್ನು ಮೂಲೆಗೆ ಕರೆದ.

"ಸಂಜೆ ಜೋಡಿ ಆಟಕ್ಕೆ ಹೆಂಗಸು ಬೇಕು ಅಂತ ನಿನ್ನ ಹೆಸರು ಕೊಟ್ಟಿದೀನಿ, ಅಷ್ಟೆ. ಸಿಂಗಲ್ಸಲ್ಲಿ ಮೊದಲ ಸುತ್ತಲ್ಲೇ ಸೋತುಬಿಡು. ನನ್ನ ಆಫೀಸಿನವರೆಲ್ಲ ಬಂದಿದಾರೆ."

"ಅಲ್ಲಾ ರೀ, ಒಂದು ವೇಳೆ..."

"ಎದುರು ಮಾತಾಡ್ಬೇಡ."

ಮನೆಯಲ್ಲೂ ಹಾಗೇ. ಅವನು ಬಾಣ ಎಸೆಯುವಾಗ ಅವಳು ಬೋರ್ಡಿಗೆ ಅಂಟಿಕೊಂಡಂತೆ ನಿಂತು ಅಂಕ ಬರೆಯಬೇಕು. ಹೆದರಿ ಸರಿದರೆ, "ಬಾಯಿ ಮುಚ್ಕೊಂಡು ಅಲ್ಲಾಡ್ದೆ ನಿಂತ್ಕೋ" ಎಂದು ಗದರುತ್ತಿದ್ದ. ಅವನು ಆಫೀಸಿಗೆ ಹೋದ ಮೇಲೆ ಆ ಬೋರ್ಡು ಅವಳದಾಗುತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ.

ಮೂರನೇ ಬೋರ್ಡಿನಲ್ಲಿ ಅವನು ಕಾಲೇಜು ಹುಡುಗಿಯೊಬ್ಬಳಿಗೆ ಸೋತ. ಸೋತವರೇ ಅದೇ ಬೋರ್ಡಿನ ಪಕ್ಕ ನಿಂತು ಮುಂದಿನ ಆಟದ ಅಂಕ ಬರೆಯುವುದು ಅಲ್ಲಿಯ ಪದ್ಧತಿ. ಸಿಡಿಮಿಡಿಗುಟ್ಟುತ್ತ ಪೆನ್ನು ಹಿಡಿದು ನಿಂತ. ಮೈಕಿನಲ್ಲಿ ಮುಂದಿನ ಹೆಸರು ಕೂಗಿದರು. ಅವಳದೇ ಹೆಸರು.

ಅವಳು ಬಾಣ ಎಸೆಯುವ ಗೆರೆಯ ಹಿಂದೆ ಬಂದು ನಿಂತಳು. ಬೋರ್ಡಿಗೂ ಅವನ ಕಿವಿಗೂ ಒಂದು ಗೇಣು ಅಂತರವಿತ್ತು.

"ಹೇಳಿದ್ದು ನೆನಪಿದೆ ತಾನೇ?" ಅವನು ಹಲ್ಲು ಕಚ್ಚಿಕೊಂಡು ಕೇಳಿದ.

ಮೊದಲ ಬಾಣ ಅವನ ಮುಖದ ಮುಂದೆಯೇ ಹಾದು ಬೋರ್ಡಿನ ನಟ್ಟನಡುವೆ ನಾಟಿತು. ಅವನು ಬೆಚ್ಚಿ ಹಿಂದೆ ಸರಿದ.

ಅವಳು ಎರಡನೇ ಬಾಣ ಎತ್ತಿದಳು.

"ಬಾಯಿ ಮುಚ್ಕೊಂಡು ಅಲ್ಲಾಡ್ದೆ ನಿಂತ್ಕೊಳ್ರೀ."